ಮಗನನ್ನು ಸರ್ಕಾರಿ ಮನೋವೈದ್ಯರಿಗೆ ತೋರಿಸಿದ ಲೆಕ್ಕ

ನಮ್ಮ ಕೊಡಗಿನಲ್ಲಿ ಹೋಂಸ್ಟೇ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಜೀಪಿನವನು ಎಷ್ಟು ಕೇಳಿದ, ಪಂದಿಕರಿಯಲ್ಲಿ ಖಾರ ಎಷ್ಟಿತ್ತು, ಬಾತ್‌ರೂಮಿನಲ್ಲಿ ಬಿಸಿನೀರು ಬಂತಾ, ಎಲ್ಲದಕ್ಕೂ ನಕ್ಷತ್ರ ಕೊಡುತ್ತಾರೆ. ಆದರೆ ಮಗುವನ್ನು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ ಬಂದವರು ಮಾತ್ರ ಬಾಯಿ ಬಿಡುವುದಿಲ್ಲ. ಹೋಗುವ ಮೊದಲು ನಾನು ಎರಡು ರಾತ್ರಿ ಮೊಬೈಲಿನಲ್ಲಿ ಹುಡುಕಿದ್ದೆ. ಕನ್ನಡದಲ್ಲಿ ಒಂದು ಸಾಲೂ ಸಿಗಲಿಲ್ಲ. ಮುಂದೆ ಹುಡುಕುವವರಿಗೆ ಸಿಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅಲ್ಲಿ ಕೆಲಸ ಮಾಡುವವರ ತಪ್ಪು ಇದರಲ್ಲಿ ಕಡಿಮೆ.

ನಾನು ಕಾಫಿ ತೋಟದಲ್ಲಿ ರೈಟರ್. ಆಳುಗಳ ಹಾಜರಿ, ಗೊಬ್ಬರದ ಮೂಟೆ, ಕುಯ್ದ ಹಣ್ಣಿನ ತೂಕ, ಬೆಳಿಗ್ಗೆ ಎದ್ದ ಕೂಡಲೇ ಮಳೆ ಎಷ್ಟು ಇಂಚು ಎಷ್ಟು ಸೆಂಟು (ಇಂಚಿನ ನೂರರಲ್ಲಿ ಒಂದು ಪಾಲು), ಇದನ್ನೆಲ್ಲ ಬರೆದು ಬರೆದು ಹತ್ತೊಂಬತ್ತು ವರ್ಷ ಆಯಿತು. ಹಾಗಾಗಿ ಆಸ್ಪತ್ರೆಗೆ ಹೋದಾಗಲೂ ಕೈ ಸುಮ್ಮನಿರಲಿಲ್ಲ. ಜೇಬಿನ ಪುಸ್ತಕದಲ್ಲಿ ಎಲ್ಲ ಗೀಚಿಕೊಂಡಿದ್ದೇನೆ. ಈ ಲೆಕ್ಕ ಅಲ್ಲಿಂದಲೇ ಬಂದದ್ದು.

2018ರಲ್ಲಿ ನಮ್ಮ ಮನೆ ಮಕ್ಕಂದೂರು ಕಡೆ ಇತ್ತು. ಸ್ವಾತಂತ್ರ್ಯ ದಿನ ಕಳೆದ ಮೇಲೆ ಗುಡ್ಡದ ಬರೆ ಜರಿಯಿತು. ಮನೆ ನಿಂತಿತು, ಅಂಗಳ ಹೋಯಿತು. ಮಗನಿಗೆ ಆಗ ನಾಲ್ಕು ವರ್ಷ. ಅವನ ಅಮ್ಮ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಅಜ್ಜಿಯ ಕೈ ಹಿಡಿದುಕೊಂಡು ತೋಟದ ಏರಿ ಹತ್ತಿದಳು. ನಾನು ಹಿಂದೆ ಉಳಿದು ನಾಯಿಯ ಸರಪಳಿ ಬಿಚ್ಚಿದೆ. ಬಿಚ್ಚಿದ ಕೂಡಲೇ ಅದು ಕೆಳಗಡೆಗೆ ಓಡಿತು. ಆಮೇಲೆ ಸಿಗಲಿಲ್ಲ. ಸರಪಳಿ ಮಾತ್ರ ನನ್ನ ಕೈಯಲ್ಲೇ ಇತ್ತು. ಪರಿಹಾರ ಕೇಂದ್ರದಲ್ಲಿ ಹತ್ತೊಂಬತ್ತು ದಿನ ಕಳೆದು, ಕೊನೆಗೆ ಮಾದಾಪುರದ ಆಚೆಯ ಈ ತೋಟಕ್ಕೆ ಬಂದು ಸೇರಿದೆವು. ಚಿಕ್ಕವನು, ಮರೆತಿರುತ್ತಾನೆ ಅಂದುಕೊಂಡೆವು.

ಈಗ ಅವನು ಆರನೇ ಕ್ಲಾಸು. ಈ ಸಲ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ಮೊದಲು ಶಾಲೆಗೆ ಚಕ್ಕರ್ ಹೊಡೆಯಲು ನಾಟಕ ಅಂದುಕೊಂಡೆ. ಒಂದೆರಡು ಸಲ ಗದರಿದೆ ಕೂಡ. ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟ ದಿನವೂ ಹೊಟ್ಟೆನೋವು ಬಂತು. ರಜೆಯ ದಿನ ಯಾರು ನಾಟಕ ಮಾಡುತ್ತಾರೆ, ಅಲ್ವಾ? ಆಗ ಸ್ವಲ್ಪ ಹೆದರಿದೆ. ಒಂದು ರಾತ್ರಿ ಕರೆಂಟು ಹೋಗಿ ಟಾರ್ಚ್ ಹುಡುಕುತ್ತಾ ಅವನ ಕೋಣೆಗೆ ಹೋದೆ. ಮಂಚದ ಮೇಲೆ ಕೂತಿದ್ದ. ಕಾಲಲ್ಲಿ ಗಂಬೂಟು, ಬೆನ್ನಲ್ಲಿ ಶಾಲೆಯ ಬ್ಯಾಗು. ಗಂಟೆ ಎರಡೂವರೆ. ನಾನು ಹುಡುಕುತ್ತಿದ್ದ ಟಾರ್ಚ್ ಅವನ ಕೈಯಲ್ಲಿತ್ತು.

ಆಮೇಲೆ ನಾವು ಸುತ್ತಿದ ದಾರಿ ಎಲ್ಲರೂ ಸುತ್ತುವಂಥದ್ದೇ. ಜಂತುಹುಳದ ಮಾತ್ರೆ, ಗ್ಯಾಸ್ಟ್ರಿಕ್ ಸಿರಪ್, ಸ್ಕ್ಯಾನಿಂಗ್. ಸ್ಕ್ಯಾನಿಂಗ್‌ನಲ್ಲಿ ನಾರ್ಮಲ್ ಅಂತ ಬಂತು. ನನ್ನ ಅಮ್ಮ ದೇವಸ್ಥಾನದಿಂದ ನೂಲು ತಂದು ಕಟ್ಟಿದರು. ಒಬ್ಬ ಖಾಸಗಿ ಡಾಕ್ಟರು ಬೆಂಗಳೂರಿಗೆ ಕರೆದುಕೊಂಡು ಹೋಗಿ ಅಂದರು. ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲ. ಮಡಿಕೇರಿಯಿಂದ ಬೆಂಗಳೂರಿಗೆ ಸುಮಾರು 250 ಕಿಲೋಮೀಟರ್. ಹೋಗುವುದು ಒಂದು ಸಲವಾದರೆ ಸರಿ, ತಿಂಗಳು ತಿಂಗಳು ಅಂದರೆ ನನ್ನ ಸಂಬಳ ಬಸ್ಸಿನಲ್ಲೇ ಮುಗಿಯುತ್ತದೆ.

ದಾರಿ ತೋರಿಸಿದ್ದು ನಮ್ಮೂರ ಆಶಾ ಕಾರ್ಯಕರ್ತೆ ಅಕ್ಕ. ಅಮ್ಮನ ಬಿಪಿ ಮಾತ್ರೆ ಕೊಡಲು ಬಂದವರು ಮಗನ ಮುಖ ನೋಡಿ, ‘ಇವನು ರಾತ್ರಿ ಮಲಗುತ್ತಾನಾ?’ ಅಂತ ಕೇಳಿದರು. ಅಷ್ಟು ಡಾಕ್ಟರುಗಳಲ್ಲಿ ಯಾರೂ ಕೇಳದ ಪ್ರಶ್ನೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಒಂದಿದೆ, ಮನೋಚೈತನ್ಯ ಅಂತ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನೋಡುತ್ತಾರೆ, ಮಕ್ಕಳನ್ನೂ ನೋಡುತ್ತಾರೆ, ದುಡ್ಡಿಲ್ಲ ಅಂದರು. ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಿಗೆ ಸ್ನೇಹ ಕ್ಲಿನಿಕ್ ಅಂತಲೂ ಇದೆಯಂತೆ. ಈ ಎರಡು ಹೆಸರನ್ನೂ ನಾನು ಅವತ್ತೇ ಮೊದಲು ಕೇಳಿದ್ದು. ಕಾಫಿಗೆ ಬರುವ ಕಾಂಡಕೊರಕದ ಬಗ್ಗೆ ವರ್ಷಕ್ಕೆ ನಾಲ್ಕು ಸಲ ಯಾರಾದರೂ ಬಂದು ಮಾಹಿತಿ ಕೊಡುತ್ತಾರೆ, ಇದರ ಬಗ್ಗೆ ಯಾರೂ ಕೊಟ್ಟಿರಲಿಲ್ಲ.

ಬೆಳಿಗ್ಗೆ ಏಳೂಕಾಲಿನ ಬಸ್ಸಿಗೆ ಮೂವರೂ ಹೊರಟೆವು. ಸರ್ಕಾರಿ ಬಸ್ಸಾದರೆ ಶಕ್ತಿ ಯೋಜನೆಯಲ್ಲಿ ಹೆಂಡತಿಗೆ ಟಿಕೆಟ್ ಇರುತ್ತಿರಲಿಲ್ಲ. ನಮ್ಮ ಒಳದಾರಿಗಳಲ್ಲಿ ಓಡುವುದು ಜಾಸ್ತಿ ಖಾಸಗಿ ಬಸ್ಸುಗಳೇ, ಅದರಲ್ಲಿ ಶಕ್ತಿ ನಡೆಯುವುದಿಲ್ಲ. ಎರಡು ಬಸ್ಸು ಬದಲಿಸಿ ಒಂಬತ್ತೂವರೆಗೆ ಮುಟ್ಟಿದೆವು. ಚೀಟಿ ಮಾಡಿಸುವಲ್ಲಿ ಕಿಟಕಿಯವರು, ‘ಯಾವುದಕ್ಕೆ?’ ಅಂತ ಕೂಗಿ ಕೇಳಿದರು. ನಾನು ಮೆಲ್ಲಗೆ ಹೇಳಿದೆ. ಅವರು ಜೋರಾಗಿ ತಿರುಗಿ ಹೇಳಿದರು. ಹಿಂದೆ ನಿಂತಿದ್ದವರು ಸುಂಟಿಕೊಪ್ಪದಲ್ಲಿ ನನ್ನ ಪರಿಚಯದವರು. ಅವರು ಮಗನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಆಮೇಲೆ ಗೋಡೆಯ ಮೇಲಿದ್ದ ಡೆಂಗಿ ಪೋಸ್ಟರನ್ನು ಓದತೊಡಗಿದರು.

ಇನ್ನು ಆ ಬೆಂಚು. ಇದಕ್ಕೆ ಐದರಲ್ಲಿ ಒಂದು ನಕ್ಷತ್ರ ಕೊಡುವುದೂ ಜಾಸ್ತಿಯೇ. ಒಂದೇ ಒಂದು ಉದ್ದ ಬೆಂಚು. ನಮ್ಮ ಎಡಗಡೆ ಕುಡಿತ ಬಿಡಿಸಲು ಕರೆತಂದವರು. ಪಾಪ, ಕೈ ನಡುಗುತ್ತಿತ್ತು, ಪಕ್ಕದಲ್ಲಿ ತಂಗಿ ಅಳುತ್ತಿದ್ದಳು. ಬಲಗಡೆ ಒಬ್ಬ ಹೆಂಗಸು ಯಾರೊಂದಿಗೋ ಮಾತಾಡುತ್ತಿದ್ದರು, ಎದುರು ಯಾರೂ ಇರಲಿಲ್ಲ. ಅವರಿಗೂ ಚಿಕಿತ್ಸೆ ಬೇಕು, ಅವರ ಮೇಲೆ ನನಗೆ ಏನೂ ಬೇಸರವಿಲ್ಲ. ಆದರೆ ಹನ್ನೊಂದು ವರ್ಷದ ಹುಡುಗ ಮೂರು ಗಂಟೆ ಇಪ್ಪತ್ತು ನಿಮಿಷ ಅದರ ಮಧ್ಯೆ ಕೂತು, ಕೊನೆಗೆ ನನ್ನ ಕಿವಿಯಲ್ಲಿ, ‘ಅಪ್ಪಾ, ನಾನೂ ಹೀಗೆ ಆಗ್ತೇನಾ?’ ಅಂದ. ಮಾನಸಿಕ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಸೇರಿಸಿದರೆ ಮಕ್ಕಳನ್ನು ದೊಡ್ಡವರಿಂದ ಬೇರೆ ಇಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ವಾರ್ಡಿಗೆ ಬಂದ ಬುದ್ಧಿ ಬೆಂಚಿಗೂ ಬರಬಾರದಾ? ಹೊಸ ಕಟ್ಟಡ ಕೇಳುತ್ತಿಲ್ಲ. ಕಾರಿಡಾರಿನ ಆ ತುದಿಯಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿ, ಮಕ್ಕಳನ್ನು ಮೊದಲು ಕರೆದರೆ ಸಾಕು.

ಒಳಗೆ ಹೋದ ಮೇಲಿನ ಕತೆಯೇ ಬೇರೆ. ಡಾಕ್ಟರು ಒಂಬತ್ತು ನಿಮಿಷ ಕೊಟ್ಟರು. ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಆದರೆ ಆ ಒಂಬತ್ತು ನಿಮಿಷ ಅವರು ಕಣ್ಣು ಎತ್ತದೆ ಬರೆಯಲಿಲ್ಲ, ಮಗನನ್ನೇ ನೋಡಿ ಮಾತಾಡಿದರು. ‘ಹೊಟ್ಟೆನೋವು ಸುಳ್ಳಲ್ಲ. ಹೆದರಿಕೆ ಹೋಗಿ ಹೊಟ್ಟೆಯಲ್ಲಿ ಕೂತಿದೆ. ಮಕ್ಕಳಲ್ಲಿ ಹೀಗೆ ಆಗುತ್ತದೆ’ ಅಂದರು. ನಾನು ಗದರಿದ್ದು ನೆನಪಾಗಿ ತಲೆ ಎತ್ತಲು ಆಗಲಿಲ್ಲ. ಸದ್ಯಕ್ಕೆ ಮಾತ್ರೆ ಬೇಡ, ಕೌನ್ಸೆಲಿಂಗ್ ಸಾಕು, ಬೆಂಗಳೂರಿಗೂ ಬೇಡ ಅಂದು ಪಕ್ಕದ ಕೋಣೆಗೆ ಕಳಿಸಿದರು.

ಪಕ್ಕದ ಕೋಣೆ ಮೊದಲು ಸ್ಟೋರ್ ಆಗಿದ್ದಿರಬೇಕು. ಒಂದು ಗೋಡೆಗೆ ರಟ್ಟಿನ ಪೆಟ್ಟಿಗೆಗಳನ್ನು ಮಾಡಿನವರೆಗೆ ಜೋಡಿಸಿದ್ದರು. ಕೌನ್ಸೆಲಿಂಗ್ ಮೇಡಂಗೆ ಒಂದು ಮೇಜು, ಎರಡು ಕುರ್ಚಿ, ಬಣ್ಣದ ಕಡ್ಡಿಗಳ ಒಂದು ಡಬ್ಬಿ. ಮಗ ಅವರ ಯಾವ ಪ್ರಶ್ನೆಗೂ ಉತ್ತರ ಕೊಡಲಿಲ್ಲ. ಮನೆಯಲ್ಲಿ ನಾವು ಅರೆಭಾಷೆ, ಶಾಲೆಯ ಕನ್ನಡದಲ್ಲಿ ಅವನು ಹೆದರಿಕೆ ಬಗ್ಗೆ ಮಾತಾಡಿಯೇ ಗೊತ್ತಿಲ್ಲ. ಅದು ಅವರಿಗೆ ಗೊತ್ತಾಯಿತು. ‘ನನಗೆ ಅರೆಭಾಷೆ ಬರುವುದಿಲ್ಲ. ನೀನು ನಿನ್ನ ಭಾಷೆಯಲ್ಲೇ ಹೇಳು, ತಿಳಿಯದಿದ್ದರೆ ಅಪ್ಪನ ಹತ್ತಿರ ಕೇಳುತ್ತೇನೆ’ ಅಂದರು. ಆದರೂ ಇವನು ಸುಮ್ಮನೆ. ಆಗ ಅವರು ಬ್ಯಾಗಿನ ಕಡೆ ನೋಡಿ, ‘ಇವತ್ತು ಶಾಲೆಗೆ ರಜೆ ಹಾಕಿದ್ದೀಯ. ಬ್ಯಾಗು ಯಾಕೆ ತಂದೆ?’ ಅಂತ ಕೇಳಿದರು.

ಅವನು ಬ್ಯಾಗು ಬಿಚ್ಚಿ ಒಂದೊಂದಾಗಿ ಮೇಜಿನ ಮೇಲೆ ಇಟ್ಟ. ಟಾರ್ಚ್. ಎರಡು ಪ್ಯಾಕೆಟ್ ಪಾರ್ಲೆ-ಜಿ. ಅಜ್ಜಿಯ ಹಳೆ ಕನ್ನಡಕ, ಒಂದು ಕಡ್ಡಿ ಮುರಿದದ್ದು. ನಾಯಿಯ ಸರಪಳಿ. ಅದು ಎಲ್ಲಿತ್ತು ಅಂತ ನನಗೇ ಗೊತ್ತಿರಲಿಲ್ಲ. ಕೊನೆಗೆ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ನಮ್ಮ ನಾಲ್ಕು ಜನರ ಆಧಾರ್ ಕಾರ್ಡಿನ ಜೆರಾಕ್ಸ್ ಮತ್ತು ರೇಷನ್ ಕಾರ್ಡಿನದ್ದು. ಪರಿಹಾರ ಕೇಂದ್ರದಲ್ಲಿ ದಿನವೂ ಯಾರಾದರೂ ಬಂದು ದಾಖಲೆ ಇದೆಯಾ, ದಾಖಲೆ ಇದೆಯಾ ಅಂತ ಕೇಳುತ್ತಿದ್ದರು. ನಮ್ಮ ಹತ್ತಿರ ಇರಲಿಲ್ಲ. ನಾಲ್ಕು ವರ್ಷದ ಮಗು ಚಾಪೆ ಮೇಲೆ ಕೂತು ಅದನ್ನೆಲ್ಲ ಕೇಳಿಸಿಕೊಂಡಿತ್ತು.

ನನ್ನ ಹೆಂಡತಿ ಎದ್ದು ಹೊರಗೆ ಹೋದಳು. ಮೇಡಂ ಮಾತ್ರ ಆ ಕವರನ್ನು ತಿರುಗಿಸಿ ನೋಡಿ, ‘ನೀರು ಹೋಗದ ಹಾಗೆ ಎರಡು ಸಲ ಮಡಚಿದ್ದೀಯ. ಚೆನ್ನಾಗಿ ಮಾಡಿದ್ದೀಯ’ ಅಂದರು. ಅದನ್ನೆಲ್ಲ ಬಿಸಾಡು, ಹೆದರಬೇಡ, ಗಂಡು ಹುಡುಗ ಅಲ್ವಾ ಅಂತೆಲ್ಲ ಅನ್ನಲಿಲ್ಲ. ಬ್ಯಾಗು ಇರಲಿ, ಆದರೆ ಅದರ ಜಾಗ ಮಂಚದ ಕೆಳಗೆ. ರಾತ್ರಿ ಒಂದು ಸಲ ಮಾತ್ರ ಬಿಚ್ಚಿ ನೋಡಬೇಕು, ಐದು ಸಲ ಅಲ್ಲ. ಗಂಬೂಟು ಬಾಗಿಲ ಹತ್ತಿರ. ಇಷ್ಟೇ ಮೊದಲ ದಿನದ ಔಷಧಿ.

ಹೊರಡುವಾಗ ನನ್ನ ಕೆಲಸ ಏನು ಅಂತ ಕೇಳಿದರು. ಬೆಳಿಗ್ಗೆ ಮಳೆ ಅಳೆಯುವುದನ್ನೂ ಹೇಳಿದೆ. ಅವರ ಮುಖ ಅರಳಿತು. ‘ನಾಳೆಯಿಂದ ಮಳೆ ಅಳೆಯುವುದು ಇವನ ಕೆಲಸ. ಇಂಚು, ಸೆಂಟು ಬರೆಯಲಿ. ಪಕ್ಕದಲ್ಲಿ ರಾತ್ರಿ ಎಷ್ಟು ಹೆದರಿಕೆ ಆಯಿತು ಅಂತ ಹತ್ತರಲ್ಲಿ ಮಾರ್ಕು ಹಾಕಲಿ’ ಅಂದರು. ಹತ್ತೊಂಬತ್ತು ವರ್ಷದಿಂದ ನಾನು ಆ ಡಬ್ಬಿ ನೀರನ್ನು ಗಾಜಿನ ಅಳತೆಗೆ ಹೊಯ್ಯುತ್ತಿದ್ದೇನೆ. ಅದು ಔಷಧಿಯೂ ಆಗುತ್ತದೆ ಅಂತ ನನಗೆ ಹೊಳೆದಿರಲಿಲ್ಲ.

ಮೊದಲ ವಾರದ ಪುಟ ನನ್ನ ಮುಂದಿದೆ. ಮೂರು ಇಂಚು ಹತ್ತು ಸೆಂಟು, ಹೆದರಿಕೆ 9. ನಾಲ್ಕು ಇಂಚು ಇಪ್ಪತ್ತು, ಹೆದರಿಕೆ 10, ಅದರ ಕೆಳಗೆ ಎರಡು ಗೆರೆ. ಒಂದು ಇಂಚು ಐದು, ಹೆದರಿಕೆ 7. ಜುಲೈ ಕೊನೆಗೆ ಮತ್ತೆ ನಾಲ್ಕು ಇಂಚು ಬಂದ ದಿನ ಹೆದರಿಕೆ 6. ನಾನು ತೋರಿಸುವ ಮೊದಲೇ ಅವನೇ ಹಿಂದಿನ ಪುಟ ತಿರುಗಿಸಿ, ‘ಅಪ್ಪಾ, ಅವತ್ತೂ ನಾಲ್ಕೇ ಇತ್ತು’ ಅಂದ.

ಇನ್ನು ದೂರು. ಮುಂದಿನ ತಾರೀಕು ಕೊಟ್ಟದ್ದು ಒಂದು ತಿಂಗಳು ಬಿಟ್ಟು. ವಾರಕ್ಕೊಮ್ಮೆ ಬಂದರೆ ಒಳ್ಳೆಯದು ಅಂತ ಮೇಡಮ್ಮೇ ಹೇಳಿದರು, ಆದರೆ ಅವರು ಬೇರೆ ಬೇರೆ ಕಡೆ ಹೋಗಬೇಕು, ಇಲ್ಲಿ ಸಿಗುವ ದಿನಗಳು ಅಷ್ಟೇ. ದೊಡ್ಡವರಿಗೆ ಇದು ಹೇಗೋ ನಡೆಯುತ್ತದೆ, ತಿಂಗಳ ಮಾತ್ರೆಯನ್ನು ಕವರಿನಲ್ಲಿ ಕಟ್ಟಿ ಕೊಡುತ್ತಾರೆ. ಮಾತನ್ನು ತಿಂಗಳಿಗಾಗುವಷ್ಟು ಕಟ್ಟಿ ಕೊಡಲು ಆಗುವುದಿಲ್ಲ. ಮಕ್ಕಳಿಗೆ ಬೇಕಾದದ್ದು ಹೆಚ್ಚಾಗಿ ಮಾತೇ. ಲೆಕ್ಕ ಬರೆಯುವವನಾಗಿ ಹೇಳುವುದಾದರೆ, ಒಂದು ಭೇಟಿಗೆ ನನ್ನ ಒಂದು ದಿನದ ರಜೆ, ಅವನ ಒಂದು ದಿನದ ಶಾಲೆ, ನಾಲ್ಕು ಬಸ್ಸಿನ ಟಿಕೆಟ್ಟು. ಅದಕ್ಕೆ ಸಿಕ್ಕಿದ್ದು ಡಾಕ್ಟರ ಒಂಬತ್ತು ನಿಮಿಷ, ಮೇಡಂ ಅವರ ಮೂವತ್ತೈದು ನಿಮಿಷ. ಚೀಟಿಯ ದುಡ್ಡು ಬಿಟ್ಟರೆ ಆಸ್ಪತ್ರೆ ಒಂದು ಪೈಸೆ ತೆಗೆದುಕೊಳ್ಳಲಿಲ್ಲ, ಅದೂ ಚಹಾಕ್ಕಿಂತ ಕಡಿಮೆ. ಆದರೂ ನಮ್ಮ ಲೈನ್ ಮನೆಯ ದಿನಗೂಲಿಯವರಿಗೆ ಇದು ಪುಕ್ಕಟೆ ಅಲ್ಲ. ಕುಯ್ಲಿನ ಸಮಯದಲ್ಲಿ ಒಂದು ದಿನ ಬಿಟ್ಟರೆ ಎಷ್ಟು ಹೋಗುತ್ತದೆ ಅಂತ ಅವರ ಹಾಜರಿ ಬರೆಯುವ ನನಗೆ ಗೊತ್ತು.

ಮೇಲೆ ಹೇಳಿದ 2017ರ ಕಾಯ್ದೆಯ 18ನೇ ಸೆಕ್ಷನ್ನಿನಲ್ಲಿ, ಮಾನಸಿಕ ಕಾಯಿಲೆ ಇರುವವರನ್ನು, ಮಕ್ಕಳನ್ನೂ ಸೇರಿಸಿ, ಚಿಕಿತ್ಸೆಗಾಗಿ ದೂರ ಅಲೆಸಬಾರದು, ಮನೆಗೆ ಹತ್ತಿರದಲ್ಲೇ ಸೇವೆ ಸಿಗಬೇಕು ಅಂತ ಇದೆ. ಓದಿ ನಗು ಬಂತು, ಆಮೇಲೆ ಸಿಟ್ಟೂ ಬಂತು. ಈ ಜಿಲ್ಲಾ ಕಾರ್ಯಕ್ರಮ ಹುಟ್ಟಿದ್ದೇ ನಮ್ಮ ರಾಜ್ಯದಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದ್ದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶದ ಬೇರೆ ಜಿಲ್ಲೆಗಳಿಗೆ ತಂದರು. ಅದೇ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ನೂರಕ್ಕೆ 7.3 ಜನರಿಗೆ ಏನಾದರೂ ಮಾನಸಿಕ ತೊಂದರೆ ಇತ್ತು. ನಲವತ್ತು ಮಕ್ಕಳ ಹೈಸ್ಕೂಲ್ ಕ್ಲಾಸಿಗೆ ಸುಮಾರು ಮೂವರು. ನಮ್ಮ ಬೆಂಚಿನಲ್ಲಿ ಅವತ್ತು ಇದ್ದ ಮಗು ಒಂದೇ. ಉಳಿದವರು ಎಲ್ಲಿದ್ದಾರೆ? ಜಂತುಹುಳದ ಮಾತ್ರೆ ತಿನ್ನುತ್ತಾ ಮನೆಯಲ್ಲಿ ಇರಬೇಕು.

ಎರಡು ಭೇಟಿಗಳ ಮಧ್ಯೆ ಕೈ ಹಿಡಿದದ್ದು 14416. ಟೆಲಿ ಮಾನಸ್ ಅಂತ ಅದರ ಹೆಸರು, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಆಗಸ್ಟ್‌ನ ಒಂದು ರಾತ್ರಿ ಹನ್ನೊಂದೂವರೆಗೆ ಗಾಳಿಗೆ ಸಿಲ್ವರ್ ಮರ ಮುರಿದು ಕರೆಂಟು ಲೈನ್ ಮೇಲೆ ಬಿತ್ತು. ಆ ಸದ್ದಿಗೆ ಮಗ ಎದ್ದವನು ನಡುಗುವುದು ನಿಲ್ಲಲಿಲ್ಲ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ, ಭತ್ತದ ಪತ್ತಾಯದ ಪಕ್ಕ. ಅಲ್ಲಿ ಕಂಬಳಿ ಹೊದ್ದು ಕೂತು ಫೋನ್ ಮಾಡಿದೆವು. ಕನ್ನಡ ಆರಿಸಿಕೊಂಡ ಮೇಲೆ ಒಬ್ಬರು ಅಕ್ಕ ಸಿಕ್ಕರು. ಇಪ್ಪತ್ತು ನಿಮಿಷ ಮಗನ ಹತ್ತಿರವೇ ಮಾತಾಡಿದರು. ಜಗಲಿಯಲ್ಲಿ ಕಾಣುವ ಐದು ವಸ್ತು ಹೇಳು, ಕೇಳುವ ನಾಲ್ಕು ಸದ್ದು ಹೇಳು ಅಂದರು. ಮಳೆ, ಕಪ್ಪೆ, ಅಜ್ಜಿಯ ಗೊರಕೆ ಅಂದವನು ನಾಲ್ಕನೆಯದ್ದು ಸಿಗದೆ, ‘ಅಪ್ಪನ ಹೊಟ್ಟೆ ಗುರ್ ಅನ್ನುವುದು’ ಅಂದ. ಆ ಕಡೆಯಿಂದ ಅವರು ನಕ್ಕದ್ದು ನನಗೂ ಕೇಳಿಸಿತು. ಅಷ್ಟರಲ್ಲಿ ಟವರ್ ಹೋಯಿತು. ಕರೆಂಟು ಹೋಗಿ ಸ್ವಲ್ಪ ಹೊತ್ತಾದರೆ ನಮ್ಮ ಕಡೆ ಟವರ್ ಹೋಗುವುದು ಮಾಮೂಲು. ಮಳೆ ಜೋರಾಗಿ ಸಹಾಯ ಬೇಕಾದಾಗಲೇ ಫೋನ್ ಇರುವುದಿಲ್ಲ, ಇದಕ್ಕೆ ಯಾರಿಗೆ ನಕ್ಷತ್ರ ಕಡಿಮೆ ಮಾಡುವುದೋ ಗೊತ್ತಿಲ್ಲ. ಆ ಅಕ್ಕನಿಗೆ ಮಾತ್ರ ಐದಕ್ಕೆ ಐದು.

ಹೋಗುವವರಿಗೆ ಒಂದೆರಡು ಮಾತು. ಬೆಳಿಗ್ಗೆ ಹೊರಡುವ ಮೊದಲು ಆಶಾ ಕಾರ್ಯಕರ್ತೆಯಿಂದ ಡಾಕ್ಟರು ಇದ್ದಾರಾ ಅಂತ ಕೇಳಿಸಿ. ಒಂದು ಮಂಗಳವಾರ ನಾವು ಸುಮ್ನೆ ಹೋಗಿ ಬಂದೆವು, ಡಾಕ್ಟರು ಮೀಟಿಂಗಿಗೆ ಹೋಗಿದ್ದರು. ಮಗುವಿಗೆ ತಿಂಡಿ, ಓದಲು ಏನಾದರೂ ಇಟ್ಟುಕೊಳ್ಳಿ. ಹಳೆ ಸ್ಕ್ಯಾನಿಂಗ್ ಚೀಟಿಗಳನ್ನು ಬಿಸಾಡಬೇಡಿ. ಬೆಂಚಿನ ಬಗ್ಗೆ ಮಗುವಿಗೆ ಮೊದಲೇ ಹೇಳಿ. ನಾನು ಹೇಳಿರಲಿಲ್ಲ.

ಮೂರನೇ ಸಲ ಹೋದಾಗ ಕೋಣೆಯಲ್ಲಿ ಬೇರೆ ಮೇಡಂ ಕೂತಿದ್ದರು. ಮೊದಲಿನವರದು ಗುತ್ತಿಗೆ ಕೆಲಸವಂತೆ, ಮುಗಿಯಿತಂತೆ. ನಮಗೆ ಯಾರೂ ಹೇಳಿರಲಿಲ್ಲ, ಅವರಿಗೇ ಹಿಂದಿನ ವಾರ ಗೊತ್ತಾಯಿತಂತೆ. ಹೊಸಬರು ಹಾಳೆ ತೆಗೆದು, ಹೆಸರು, ಊರು, ಏನು ತೊಂದರೆ ಅಂತ ಶುರುವಿನಿಂದ ಕೇಳತೊಡಗಿದರು. ಮಗ ನನ್ನ ಮುಖ ನೋಡಿದ. ‘ಮತ್ತೆ ಎಲ್ಲ ಹೇಳಬೇಕಾ?’ ಅಂದ. ನನಗೆ ಎದ್ದು ಹೊರಟುಬಿಡೋಣ ಅನ್ನಿಸಿತು.

ಅವನು ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಬ್ಯಾಗಿನಿಂದ ಮಳೆ ಪುಸ್ತಕ ತೆಗೆದು ಮೇಜಿನ ಮೇಲೆ ಅವರ ಕಡೆ ತಳ್ಳಿದ. ಅವರು ಪೆನ್ನು ಕೆಳಗಿಟ್ಟರು. ಮೊದಲ ಪುಟದಿಂದ, ಬೆರಳಿಟ್ಟುಕೊಂಡು, ಒಂದೊಂದೇ ಸಾಲು ಓದಿದರು. ನಾನು ಗಡಿಯಾರ ನೋಡುವುದನ್ನು ಬಿಟ್ಟೆ. ಸೆಪ್ಟೆಂಬರಿನ ಒಂದು ಸಾಲಿನ ಹತ್ತಿರ ಅವರ ಬೆರಳು ನಿಂತಿತು.

‘ಇಲ್ಲಿ ಮಳೆ ಸೊನ್ನೆ. ಹೆದರಿಕೆ ಎಂಟು. ಇದು ಹೇಗೆ?’

‘ಅವತ್ತು ಗಣಿತ ಟೆಸ್ಟು, ಮೇಡಂ.’